ನಮ್ಮ ಬೇಳೆ ಇಲ್ಲಿ ಬೇಯುತ್ತಿಲ್ಲ ಕಣೋ

ಪ್ರೀತಿಯ ಸೀನ,

ಮೂರು ಸಲ ಫೋನ್ ಮಾಡಿ ಹೊಸ ಮನೆ ಹೇಗಿದೆ ಅಂತ ಕೇಳಿದೆ. ಮೂರು ಸಲವೂ ನಾನು 'ಚೆನ್ನಾಗಿದೆ ಕಣೋ, ಗಾಳಿ ಬೆಳಕು ಜಾಸ್ತಿ' ಅಂದು ನಿನ್ನ ತುಮಕೂರಿನ ಸುದ್ದಿಗೆ ಮಾತು ಹೊರಳಿಸಿದೆ. ಅಮ್ಮ ಪಕ್ಕದಲ್ಲೇ ಕೂತಿರುತ್ತಿದ್ದಳು, ಏನು ಹೇಳಲಿ ಹೇಳು. ಇವತ್ತು ಅವಳು ಬೇಗ ಮಲಗಿದ್ದಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ಗಾಳಿ ಬೆಳಕು ಜಾಸ್ತಿ ಅನ್ನೋದೇನೂ ಸುಳ್ಳಲ್ಲ. ಮೂರನೇ ಮಹಡಿ. ಬಾಲ್ಕನಿಯಲ್ಲಿ ನಿಂತರೆ ಒಂದು ಕಡೆ ಮೆಟ್ರೋ ಕಂಬಗಳು, ಕತ್ತು ಸ್ವಲ್ಪ ಹೊರಳಿಸಿದರೆ ತುರಹಳ್ಳಿ ಕಾಡಿನ ಒಂದು ತುಂಡು. ನವಿಲು ಕೂಗುತ್ತದೆ. ಮೊದಲ ದಿನ ಯಾವುದೋ ಮಗು ಅಳುತ್ತಿದೆ ಅಂತ ನನ್ನ ಹೆಂಡತಿ ಎದ್ದು ಕೂತಿದ್ದಳು. ಮಗಳಿಗೆ ತನ್ನದೇ ರೂಮು ಸಿಕ್ಕಿದೆ, ಅವಳು ಮೂರೇ ದಿನದಲ್ಲಿ ಇಲ್ಲಿಯವಳಾದಳು. ಗ್ಯಾಸು, ಆಧಾರ್, ಬ್ಯಾಂಕು ಅಂತ ವಿಳಾಸ ಬದಲಾಯಿಸಿದ ಕಥೆ ಬೇಡ ಬಿಡು, ಅದು ಎಲ್ಲರ ಮನೆಯದೂ ಒಂದೇ.

ಕಷ್ಟ ಇದ್ದದ್ದು ಅಮ್ಮನದು. ಮೊದಲ ಎರಡು ತಿಂಗಳು ಛತ್ರಕ್ಕೆ ಬಂದವರ ಹಾಗೆ ಇದ್ದಳು. ತನ್ನ ಸೀರೆಗಳ ರಟ್ಟಿನ ಡಬ್ಬ ಬಿಚ್ಚಲಿಲ್ಲ. 'ಬೇಕಾದಾಗ ಬೇಕಾದ್ದು ತೆಗೆದರಾಯ್ತು' ಅನ್ನುವಳು. ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತುಬಿಡುವಳು, ಊಟದ ಪಂಕ್ತಿಗೆ ಯಾರಾದರೂ ಕರೆಯುತ್ತಾರೇನೋ ಅನ್ನೋ ಹಾಗೆ. ಮಲ್ಲೇಶ್ವರದಲ್ಲಿ ಬೆಳಿಗ್ಗೆ ಐದಕ್ಕೆ ಎದ್ದರೆ ರಾತ್ರಿವರೆಗೂ ಕಾಲು ನಿಲ್ಲದ ಹೆಂಗಸು ಅವಳು, ನೀನೇ ನೋಡಿದೀಯಲ್ಲ.

ಅಡುಗೆ ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ. ಅಲ್ಲೇ ತೊಂದರೆ ಶುರುವಾದದ್ದು.

ಬಂದ ಎರಡನೇ ದಿನ ಬೇಳೆ ಸಾರು ಮಾಡೋಕೆ ಹೊರಟಳು. ಕುಕ್ಕರ್ ನಾಲ್ಕು ವಿಷಲ್ ಕೂಗಿತು. ತೆಗೆದರೆ ತೊಗರಿಬೇಳೆ ಬೇಳೆಯಾಗೇ ಇದೆ. ಇನ್ನೂ ನಾಲ್ಕು ಕೂಗಿಸಿದಳು. ಸೌಟಿನಿಂದ ಒತ್ತಿದರೆ ಕಾಳು ಪಕ್ಕಕ್ಕೆ ಜಾರುತ್ತದೆ, ನುರಿಯುವುದಿಲ್ಲ. ಮೇಲೆ ತೆಳ್ಳಗೆ ಹಳದಿ ನೀರು, ಕೆಳಗೆ ಮರಳಿನ ಹಾಗೆ ಬೇಳೆ. ಅಂಗಡಿಯವನು ಹಳೇ ಬೇಳೆ ಕೊಟ್ಟ ಅಂದಳು. ಬೇರೆ ಅಂಗಡಿಯಿಂದ ತಂದೆ. ಕುಕ್ಕರ್ ಗ್ಯಾಸ್ಕೆಟ್ ಹೋಗಿದೆ ಅಂದಳು. ಅದನ್ನೂ ಬದಲಾಯಿಸಿದೆ. ಮೂರನೇ ದಿನ ಸೌಟು ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ, 'ನಮ್ಮ ಬೇಳೆ ಇಲ್ಲಿ ಬೇಯಲ್ಲ ಬಿಡು' ಅಂದಳು. ನಗು ಬಂತು, ಆದರೆ ನಗಲಿಲ್ಲ. ಅವಳೇನು ಗಾದೆ ಮಾತಿಗೆ ಹೇಳಿದ್ದಲ್ಲ.

ನೀರಿನದೇ ತಪ್ಪು. ಇಲ್ಲಿ ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಅದು ಸಾಲದೆ ಟ್ಯಾಂಕರ್, ಅದೂ ಯಾವುದೋ ಬೋರ್‌ವೆಲ್‌ನದೇ. ಉಪ್ಪು ನೀರು ಅಂತೀವಲ್ಲ, ಅದು. ಬಕೆಟ್ ಅಂಚಿಗೆ ಬಿಳಿ ಪಟ್ಟೆ, ನಲ್ಲಿ ಬಾಯಿಗೆ ಸುಣ್ಣ, ಸೋಪು ಎಷ್ಟು ಉಜ್ಜಿದರೂ ನೊರೆ ಇಲ್ಲ. ಮಗಳು ಹತ್ತನೇ ಕ್ಲಾಸು, ಪುಸ್ತಕ ಹಿಡಿದುಕೊಂಡೇ ಅಡುಗೆಮನೆಗೆ ಬಂದು ಪಾಠ ಮಾಡಿದಳು. 'ಅಜ್ಜಿ, ಇದು ಗಡಸು ನೀರು. ಇದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಬೇಳೆಯೊಳಗೆ ಪೆಕ್ಟಿನ್ ಅಂತ ಅಂಟು ಇರುತ್ತೆ, ಅದು ಕರಗಿದರೇನೇ ಬೇಳೆ ಮೆತ್ತಗಾಗೋದು. ಕ್ಯಾಲ್ಸಿಯಂ ಹೋಗಿ ಅದನ್ನ ಗಟ್ಟಿಯಾಗಿ ಹಿಡ್ಕೊಂಡು ಬಿಡುತ್ತೆ.' ಅಮ್ಮ ಪೂರ್ತಿ ಕೇಳಿಸಿಕೊಂಡು, 'ಅದನ್ನ ಬಿಡಿಸೋದು ಹೇಗೆ, ಅದು ಹೇಳು' ಅಂದಳು. ಆ ಪಾಠ ಪುಸ್ತಕದಲ್ಲಿ ಇರಲಿಲ್ಲ.

ನಾನು ಫಿಲ್ಟರ್ ನೀರಲ್ಲಿ ಬೇಯಿಸು ಅಂದೆ. ಒಂದು ಲೋಟ ನೀರು ಬರಬೇಕಾದರೆ ಎಷ್ಟೋ ಲೋಟ ಚರಂಡಿಗೆ ಬಿಡೋ ಮೆಷೀನ್ ಅದು, ಅದರ ನೀರಲ್ಲಿ ಸಾರು ಮಾಡೋದು ಪಾಪ ಅಂತ ಅವಳ ಲೆಕ್ಕ. ಚಿಟಿಕೆ ಸೋಡಾ ಹಾಕಿದರೆ ಬೇಳೆ ಬೆಂದಿತು, ಸಾರು ಕೆಟ್ಟಿತು.

ಆಮೇಲೆ ಅವಳು ಮಾಡಿದ್ದು ಕೇಳು. ಗುರುವಾರ ಕಾಡು ಮಲ್ಲೇಶ್ವರನ ಗುಡಿಗೆ ಹೋಗಿ ಬರುತ್ತೇನೆ ಅಂತ ಹೊರಟಳು. ಒಬ್ಬಳೇ ಬೇಡ ಅಂದರೆ ಕೇಳಲಿಲ್ಲ. ರೈಲು ಬದಲಾಯಿಸೋದೂ ಬೇಡ, ತಲಘಟ್ಟಪುರದಲ್ಲಿ ಹತ್ತಿದರೆ ಹಸಿರು ಲೈನ್ ನೇರ ಸಂಪಿಗೆ ರೋಡಿಗೆ ಬಿಡುತ್ತದೆ, ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ. 2021ರ ಜನವರಿಯಲ್ಲಿ ಈ ಲೈನ್ ಇಲ್ಲಿವರೆಗೆ ಬಾರದೇ ಇದ್ದಿದ್ದರೆ ನಾನು ಈ ಕಡೆ ಮನೆ ನೋಡುತ್ತಲೇ ಇರಲಿಲ್ಲ. ಸಂಜೆ ವಾಪಸು ಬಂದಳು. ಕೈಯಲ್ಲಿ ಎಂಟನೇ ಕ್ರಾಸಿನ ಎರಡು ಮೊಳ ಮಲ್ಲಿಗೆ, ಹೆಗಲಿಗೆ ಭಾರದ ಚೀಲ. ಚೀಲದಲ್ಲಿ ಎರಡೆರಡು ಲೀಟರಿನ ಎರಡು ಬಾಟಲಿ, ತುಂಬ ನೀರು. ಹಳೇ ಬೀದಿಯ ಸಂಪಿಗೆ ಮರದ ಮನೆಯವರ ನಲ್ಲಿಯಲ್ಲಿ ಹಿಡಿದುಕೊಂಡು ಬಂದಿದ್ದಾಳೆ! ಸ್ಟೇಷನ್ನಿನಲ್ಲಿ ಬ್ಯಾಗ್ ತಪಾಸಣೆ ಮಾಡೋ ಹುಡುಗಿ 'ಏನಜ್ಜಿ ಇಷ್ಟೊಂದು ನೀರು' ಅಂತ ಕೇಳಿದಳಂತೆ. ಇವಳು 'ತೀರ್ಥ' ಅಂದಳಂತೆ. ಬಿಟ್ಟಳಂತೆ.

ಅವತ್ತು ರಾತ್ರಿ ಬೇಳೆ ಮೂರೇ ವಿಷಲ್‌ಗೆ ಬೆಣ್ಣೆಯಾಯಿತು. ಸಾರು ಅದೇ ಹಳೇ ಸಾರು. ಊಟದ ನಡುವೆ ನಾನು ಸುಮ್ನೆ ಇರಬೇಕಿತ್ತು. ಇರಲಿಲ್ಲ. 'ಅಮ್ಮ, ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ಪಂಪ್‌ಹೌಸ್ ದಾಟಿಕೊಂಡು ಈ ಕನಕಪುರ ರಸ್ತೆ ಕಡೆಯಿಂದಲೇ ಊರೊಳಗೆ ಹೋಗೋದು. 1974ರಿಂದ ಹಾಗೇ. ನಮ್ಮ ಮುಂದೆ ಹಾದು ಮಲ್ಲೇಶ್ವರಕ್ಕೆ ಹೋದ ನೀರನ್ನ ನೀನು ಮೆಟ್ರೋದಲ್ಲಿ ವಾಪಸು ಹೊತ್ಕೊಂಡು ಬಂದಿದೀಯ' ಅಂದೆ. ಮಗಳು ಬಿದ್ದು ಬಿದ್ದು ನಕ್ಕಳು. ಅಮ್ಮ ನಗಲಿಲ್ಲ. 'ಬಾಗಿಲ ಮುಂದೆ ಹೋಗೋದೆಲ್ಲ ನಮ್ಮದಾಗುತ್ತಾ' ಅಂದು ತಟ್ಟೆ ಎತ್ತಿಕೊಂಡು ಎದ್ದಳು. ಅದು ನೀರಿನ ಮಾತಲ್ಲ ಅಂತ ನನಗೆ ಗೊತ್ತಾಯಿತು, ನನ್ನ ಹೆಂಡತಿಗೂ ಗೊತ್ತಾಯಿತು.

ಮನೆ ಭಾಗದ ವಿಷಯ ನಿನಗೆ ಅರ್ಧ ಗೊತ್ತು. ಇನ್ನರ್ಧ ನಾನು ಯಾರಿಗೂ ಸರಿಯಾಗಿ ಹೇಳಿಲ್ಲ. ಹೇಳಿದವರಿಗೆಲ್ಲ ಅತ್ತೆಯಿಂದ ಮನೆ ಹೋಯಿತು ಅಂತಲೇ ಹೇಳಿಕೊಂಡು ಬಂದೆ. ಅಪ್ಪ ಇರೋವರೆಗೆ ಬಾಯಿ ಬಿಡದವರು ಅಪ್ಪ ಹೋದ ಮೇಲೆ ಭಾಗ ಕೇಳಿದರು ಅಂತ. ಚಿಕ್ಕಪ್ಪನೂ ಅದನ್ನೇ ಹೇಳಿಕೊಂಡು ತಿರುಗಿದ. ಒಳಗೊಳಗೆ ಅವನಿಗೆ ಮಾರೋದೇ ಬೇಕಿತ್ತು, ಹೆಸರು ಮಾತ್ರ ಅತ್ತೆಯದು. ವಕೀಲರ ಹತ್ತಿರ ಕೂತಾಗ ಅವರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಮನೆ ತಾತ ಸ್ವಂತ ದುಡಿಮೆಯಿಂದ ಕಟ್ಟಿಸಿದ್ದು, ವಿಲ್ ಬರೆಯದೆ ಹೋದರು. ಹಾಗಿದ್ದಾಗ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಮಗಳಿಗೂ ಮಗನಷ್ಟೇ ಪಾಲು. ಆದರೆ ಅದೇ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ಮನೆಯವರೇ ವಾಸ ಇರೋ ಮನೆಯನ್ನು ಗಂಡುಮಕ್ಕಳು ತಾವಾಗಿ ಹಂಚಿಕೊಳ್ಳೋವರೆಗೆ ಹೆಣ್ಣುಮಕ್ಕಳು ಭಾಗ ಮಾಡಿಕೊಡಿ ಅಂತ ಕೇಳೋ ಹಾಗಿರಲಿಲ್ಲ. ಪಾಲು ಇದೆ, ಕೇಳೋ ಹಾಗಿಲ್ಲ. ಈ ಸೆಕ್ಷನ್ ತೆಗೆದದ್ದು 2005ರಲ್ಲಿ. 'ನಿಮ್ಮ ಅತ್ತೆ ಅದಾದ ಮೇಲೂ ಇಷ್ಟು ವರ್ಷ ಕೇಳಲಿಲ್ಲವಲ್ಲ, ಅದು ಅವರ ದೊಡ್ಡತನ' ಅಂದರು ವಕೀಲರು. ನಾನು ಮೇಜಿನ ಮೇಲಿದ್ದ ಕೆಇಬಿ ಕಾಲದ ಕರೆಂಟ್ ಬಿಲ್ಲುಗಳನ್ನು ಜೋಡಿಸುತ್ತಾ ಕೂತೆ. ಮನೆಗೆ ಬಂದು ಅಮ್ಮನಿಗೆ ಇದನ್ನು ಹೇಳಲಿಲ್ಲ. ಅದು ನನ್ನ ತಪ್ಪು, ಈಗಲೂ ಚುಚ್ಚುತ್ತದೆ.

ಖಾತೆ ತಾತನ ಹೆಸರಲ್ಲೇ ಇತ್ತು. 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ರಿಜಿಸ್ಟ್ರೇಷನ್ ಇಲ್ಲ, ಹಾಗಾಗಿ ಅದಕ್ಕೆ ಓಡಾಟ. ಓಡಾಡಿದ್ದು ನಾನು, ಸಹಿ ಹಾಕೋಕೆ ಮೂವರೂ ಬಂದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮೂರು ಪಾಲಾಗಿ ಬಂದ ದುಡ್ಡಿಗೆ ನನ್ನ ಸಾಲವೂ ಸೇರಿ ಸಿಕ್ಕಿದ್ದು ಈ ಎರಡು ರೂಮಿನ ಮನೆ.

ಅಮ್ಮನಿಗೆ ಸಮಾಧಾನ ಹೇಳೋಕೆ ಒಂದು ಸಲ ಇತಿಹಾಸ ತೆಗೆದೆ. 1898ರಲ್ಲಿ ಪ್ಲೇಗ್ ಬಂದಾಗ ಜನ ಪೇಟೆ ಬಿಟ್ಟು ಓಡಿ ಬಂದು ಸೇರಿದ್ದು ಮಲ್ಲೇಶ್ವರ, ಬಸವನಗುಡಿಗೆ ತಾನೇ, ಅವರಿಗೂ ಅದು ಹೊಸ ಜಾಗವೇ ಆಗಿತ್ತು ಅಂದೆ. 'ಅವರು ಇಲಿಗೆ ಹೆದರಿ ಬಂದರು' ಅಂದಳು. ಅಷ್ಟೇ. ಇತಿಹಾಸ ಅಲ್ಲಿಗೆ ಮುಗಿಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ಒಂದು ಭಾನುವಾರ ಗೇಟಿನಿಂದ ಫೋನ್. 'ಬನಶಂಕರಿಯಿಂದ ಒಬ್ಬರು ಅಮ್ಮ ಬಂದಿದಾರೆ, ಬಿಡಲಾ ಸಾರ್?' ಅತ್ತೆ. ಹೇಳದೆ ಕೇಳದೆ ಬಂದಿದ್ದರು. ಆಮೇಲೆ ಗೊತ್ತಾಯಿತು, ಕರೆದದ್ದು ನನ್ನ ಮಗಳು. ಅಜ್ಜಿಗೆ ಬೇಳೆ ಬೇಯಿಸೋದು ಗೊತ್ತಾಗ್ತಿಲ್ಲ ಅಂತ ಫೋನಿನಲ್ಲಿ ಹೇಳಿದ್ದಳಂತೆ. ಐವತ್ತು ವರ್ಷ ಅಡುಗೆ ಮಾಡಿದವಳ ಬಗ್ಗೆ ಹೇಳೋ ಮಾತೇ ಇದು? ಆದರೆ ಆ ಮಾತು ಕೇಳಿ ಬಾರದೇ ಇರೋಕೆ ಯಾವ ನಾದಿನಿಗೆ ಸಾಧ್ಯ ಹೇಳು.

ಅಮ್ಮ 'ಬಾ' ಅಂದಳು. ಕುಡಿಯೋಕೆ ನೀರು ಕೊಟ್ಟಳು. ಇಬ್ಬರೂ ಫ್ಯಾನಿನ ಬಗ್ಗೆ, ಲಿಫ್ಟಿನ ಬಗ್ಗೆ ಮಾತಾಡಿದರು. ಆಮೇಲೆ ಅತ್ತೆ ತಾವೇ ಎದ್ದು ಅಡುಗೆಮನೆಗೆ ಹೋಗಿ ಡಬ್ಬ ತೆಗೆದು ಬೇಳೆ ಅಂಗೈಗೆ ಹಾಕಿಕೊಂಡು ನೋಡಿದರು. ಬೇಳೆ ತೊಳೆದು, ಫಿಲ್ಟರ್ ನೀರು ಒಂದು ಚೊಂಬು ಕುದಿಸಿ ಅದರಲ್ಲಿ ಒಂದು ಗಂಟೆ ನೆನೆ ಹಾಕಿದರು. ಆ ನೀರು ಚೆಲ್ಲಿ, ಮತ್ತೆ ಅದೇ ಫಿಲ್ಟರ್ ನೀರು, ಚಿಟಿಕೆ ಅರಿಶಿನ, ಎರಡು ಹನಿ ಹರಳೆಣ್ಣೆ. ಉಪ್ಪು ಹಾಕೋಕೆ ಅಮ್ಮ ಕೈ ಚಾಚಿದರೆ ತಡೆದರು. 'ಬೇಳೆ ಬೇಯೋವರೆಗೂ ಉಪ್ಪೂ ಬೇಡ, ಹುಳೀನೂ ಬೇಡ ಅತ್ತಿಗೆ.'

'ಇದೆಲ್ಲ ನಿನಗೆ ಯಾರು ಹೇಳಿಕೊಟ್ಟರು?' ಅಂತ ಅಮ್ಮ.

'ಯಾರು ಹೇಳಿಕೊಡಬೇಕು? ಮದುವೆಯಾಗಿ ಹತ್ತು ವರ್ಷ ಉತ್ತರಹಳ್ಳಿಯಲ್ಲಿ ಉಪ್ಪು ನೀರಲ್ಲಿ ಸಂಸಾರ ಮಾಡಿದೆ. ಬೇಳೆ ಬೇಯಲ್ಲ ಅಂತ ನಮ್ಮತ್ತೆ ಕೈಯಲ್ಲಿ ದಿನಾ ಬೈಸಿಕೊಂಡೆ. ನೀವೆಲ್ಲ ಮಲ್ಲೇಶ್ವರದಲ್ಲಿ ಸಿಹಿ ನೀರು ಕುಡೀತಿದ್ರಿ. ಯಾರಾದ್ರೂ ಬಂದು ನೋಡಿದ್ರಾ?'

ಕುಕ್ಕರ್ ಕೂಗುತ್ತಿತ್ತು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಅಮ್ಮ ಏನೂ ಹೇಳಲಿಲ್ಲ, ಅತ್ತೆಯೂ ಮುಂದುವರಿಸಲಿಲ್ಲ. ಐದನೇ ವಿಷಲ್‌ಗೆ ಆರಿಸಿದರು. ಆವಿ ಇಳಿಯೋವರೆಗೂ ಇಬ್ಬರೂ ಕುಕ್ಕರನ್ನೇ ನೋಡುತ್ತಾ ನಿಂತಿದ್ದರು. ಮುಚ್ಚಳ ತೆಗೆದು ಅಮ್ಮ ಸೌಟು ಒತ್ತಿದಳು. ನುರಿಯಿತು. ಮಲ್ಲೇಶ್ವರದಷ್ಟಲ್ಲ, ಅಲ್ಲಲ್ಲಿ ಕಾಳು ಸಿಗುತ್ತಿತ್ತು. 'ಪರವಾಗಿಲ್ಲ' ಅಂದಳು. ಅವಳ ಬಾಯಲ್ಲಿ ಅದು ದೊಡ್ಡ ಮಾತು. ಫಿಲ್ಟರ್ ನೀರಿನ ಪಾಪದ ಲೆಕ್ಕ ಮಾತ್ರ ಅವತ್ತು ಯಾಕೋ ಬರಲೇ ಇಲ್ಲ.

ಅತ್ತೆ ಹೊರಡುವಾಗ ಅಮ್ಮ ಕುಂಕುಮ ಕೊಟ್ಟು, ಸಾರಿನ ಪುಡಿ ಒಂದು ಡಬ್ಬ ಕಟ್ಟಿಕೊಟ್ಟಳು. ಮನೆ ಮಾರಿದ ಮಾತು ಇಬ್ಬರೂ ಎತ್ತಲಿಲ್ಲ. ನಾನು ಸ್ಟೇಷನ್‌ವರೆಗೂ ಬಿಡೋಕೆ ಹೋದೆ, ವಕೀಲರು ಹೇಳಿದ್ದನ್ನು ಹೇಳಬೇಕು ಅಂತ ದಾರಿಯುದ್ದಕ್ಕೂ ಅಂದುಕೊಂಡೆ, ಕೊನೆಗೆ 'ಹುಷಾರಾಗಿ ಹೋಗಿ ಅತ್ತೆ' ಅಂದೆ ಅಷ್ಟೇ. ರಾತ್ರಿ ಅಮ್ಮನಿಗೆ ಮಾತ್ರ ಎಲ್ಲ ಹೇಳಿದೆ. ಆ 23ನೇ ಸೆಕ್ಷನ್ನು, ಆ 2005, ಎಲ್ಲ. ಸುಮಾರು ಹೊತ್ತು ಸುಮ್ಮನಿದ್ದು, 'ನಂಗೂ ನಮ್ಮ ತಂದೆ ಮನೇಲಿ ಹಾಗೇ ಇತ್ತಾ?' ಅಂತ ಕೇಳಿದಳು. ಇತ್ತು ಅಂದೆ. 'ನಾನು ಕೇಳಲಿಲ್ಲ' ಅಂದಳು. ಬೇಜಾರಲ್ಲಿ ಹೇಳಿದಳೋ ಹೆಮ್ಮೆಯಿಂದಲೋ ಗೊತ್ತಾಗಲಿಲ್ಲ.

ಚಿಕ್ಕಪ್ಪ ಇನ್ನೂ ಮಾತಾಡುತ್ತಿಲ್ಲ. ನಾವೂ ಮಾತಾಡಿಸಿಲ್ಲ. ಕಾವೇರಿ ಐದನೇ ಹಂತ 110 ಹಳ್ಳಿಗಳಿಗೆ ಅಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತಲ್ಲ, ನಮ್ಮ ಕಟ್ಟಡಕ್ಕೂ ಕನೆಕ್ಷನ್ ತಗೊಳ್ಳೋಣ ಅಂತ ಅಸೋಸಿಯೇಷನ್‌ನಲ್ಲಿ ಮಾತಿದೆ. ಯಾರ ಪಾಲಿಗೆ ಎಷ್ಟು ದುಡ್ಡು ಅಂತ ಅಲ್ಲೂ ಜಗಳ. ಪಾಲಿನ ಜಗಳ ನನಗೆ ಈಗ ಅಭ್ಯಾಸ ಆಗಿದೆ. ಅಮ್ಮ ಸೀರೆ ಡಬ್ಬ ಬಿಚ್ಚಿದ್ದಾಳೆ, ಅದೂ ಯಾರೂ ಮನೆಯಲ್ಲಿಲ್ಲದಾಗ. ಕೆಳಗಿನ ಮಹಡಿಯ ರಾಯಚೂರಿನ ಹೆಂಗಸಿಗೆ ಬೇಳೆ ನೆನೆಸೋ ಪಾಠವನ್ನೂ ಮಾಡಿ ಬಂದಿದ್ದಾಳೆ, ಹುಟ್ಟಿದಾಗಿಂದ ಉಪ್ಪು ನೀರಲ್ಲೇ ಅಡುಗೆ ಮಾಡಿದವಳ ಹಾಗೆ.

ಇನ್ನೊಂದು. ಮನೆ ಸಾಗಿಸಿದ ದಿನ ಒರಳುಕಲ್ಲು ಲಿಫ್ಟಿಗೆ ಬೇಡ ಅಂದಾಗ ನೀನು ಕಾರಿನ ಡಿಕ್ಕಿಗೆ ಹಾಕಿಕೊಂಡು, ಕಾರಿನ ಹಿಂಭಾಗ ನೆಲಕ್ಕೆ ತಾಗೋ ಹಾಗಿದ್ದರೂ ತುಮಕೂರಿಗೆ ತಗೊಂಡು ಹೋದೆಯಲ್ಲ. ಅಮ್ಮ ನಿನ್ನೆ ಮೊದಲ ಸಲ ಅದರ ಬಗ್ಗೆ ಕೇಳಿದಳು. ಸೀನ ಅದರಲ್ಲಿ ಚಟ್ನಿ ರುಬ್ಬುತ್ತಿದ್ದಾನೋ ಇಲ್ಲ ಮಣ್ಣು ತುಂಬಿ ಗಿಡ ಇಟ್ಟಿದ್ದಾನೋ ಕೇಳು ಅಂದಿದ್ದಾಳೆ. ನಿನ್ನ ಉತ್ತರ ಅವಳಿಗೆ ಓದಿ ಹೇಳಬೇಕು, ಸರಿಯಾಗಿ ಬರಿ. ಗಿಡ ಇಟ್ಟಿದ್ದರೆ ಸುಳ್ಳು ಹೇಳು.

ನಿನ್ನ ಗೆಳೆಯ