ಆಟೊಮ್ಯಾಟಿಕ್ ಕಾರಿಗೆ ಹಗ್ಗ ಕಟ್ಟಿ ಎಳೆಯಬೇಡಿ

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ಟೋಯಿಂಗ್, ಅಂದರೆ ತಪ್ಪಾಗಿ ನಿಲ್ಲಿಸಿದ ವಾಹನಗಳನ್ನು ಎಳೆದೊಯ್ಯುವ ಕೆಲಸ, ಮತ್ತೆ ಶುರುವಾಗುವ ಮಾತು ಬಂದಾಗಲೆಲ್ಲ ಚರ್ಚೆ ದಂಡದ ಮೊತ್ತ ಮತ್ತು ಸಿಬ್ಬಂದಿಯ ವರ್ತನೆಯ ಸುತ್ತಲೇ ತಿರುಗುತ್ತದೆ. 2022ರ ಫೆಬ್ರುವರಿಯಲ್ಲಿ ಅದನ್ನು ನಿಲ್ಲಿಸಿದಾಗಲೂ ಹಾಗೆಯೇ ಆಯಿತು. ಕಾರನ್ನು ಯಾವ ರೀತಿಯಲ್ಲಿ ಎಳೆಯಬೇಕು ಎಂದು ಕೇಳುವವರೇ ಇಲ್ಲ. ವಿಲ್ಸನ್ ಗಾರ್ಡನ್‌ನಲ್ಲಿ ಗೇರ್‌ಬಾಕ್ಸ್ ರಿಪೇರಿ ಮಾಡಿಕೊಂಡಿರುವ ನನಗೆ ಇದೇ ದೊಡ್ಡ ಚಿಂತೆ. ಪ್ರತಿ ಮಳೆಗಾಲದಲ್ಲೂ ನೀರಿನಿಂದ ಪಾರಾಗಿ, ಎಳೆತದಿಂದ ಹಾಳಾದ ಗೇರ್‌ಬಾಕ್ಸ್‌ಗಳು ನನ್ನ ಗ್ಯಾರೇಜಿಗೆ ಬರುತ್ತವೆ.

'ನ್ಯೂಟ್ರಲ್‌ಗೆ ಹಾಕಿಯೇ ಎಳೆದೆವು, ಇನ್ನೇನಾಗುತ್ತದೆ?' ಎನ್ನುತ್ತಾರೆ ಕಾರು ಎಳೆದು ತಂದವರು. ಮ್ಯಾನುಯಲ್ ಗೇರಿನ ಕಾರಿಗೆ ಈ ಮಾತು ಬಹುಮಟ್ಟಿಗೆ ಸರಿ. ಅದರ ಗೇರುಗಳು ಆಯಿಲ್‌ನಲ್ಲಿ ಅದ್ದಿಕೊಂಡಿರುತ್ತವೆ, ಚಕ್ರ ಉರುಳಿದಂತೆ ತಾವೇ ಆಯಿಲ್ ಎರಚಿಕೊಳ್ಳುತ್ತವೆ. ಆಟೊಮ್ಯಾಟಿಕ್‌ನಲ್ಲಿ ಆಯಿಲ್ ಹರಿಸುವುದಕ್ಕೆ ಪಂಪ್ ಇರುತ್ತದೆ. ಸಾಮಾನ್ಯವಾಗಿ ಆ ಪಂಪ್ ತಿರುಗುವುದು ಎಂಜಿನ್‌ನಿಂದ. ಎಂಜಿನ್ ಸತ್ತು, ಚಕ್ರಗಳು ನೆಲದ ಮೇಲೆ ಉರುಳುತ್ತಿದ್ದರೆ, ಚಕ್ರದ ಕಡೆಯ ಶಾಫ್ಟ್ ಮತ್ತು ಬೇರಿಂಗ್‌ಗಳು ಹೊಸ ಆಯಿಲ್ ಇಲ್ಲದೆ ಒಣಗಿಯೇ ತಿರುಗುತ್ತವೆ. ಕಾರು ಸದ್ದಿಲ್ಲದೆ ಹಿಂಬಾಲಿಸಿ ಬರುವುದರಿಂದ ಎಳೆಯುವವರಿಗೆ ಒಂದಿಷ್ಟೂ ಗೊತ್ತಾಗುವುದಿಲ್ಲ.

ಕಳೆದ ಮಳೆಗಾಲದಲ್ಲಿ ಪಣತ್ತೂರಿನ ಕಡೆ ನೀರಿನಲ್ಲಿ ನಿಂತ ಒಂದು ಕಾರನ್ನು ಹಗ್ಗ ಕಟ್ಟಿ ನಗರದ ಇನ್ನೊಂದು ತುದಿಯವರೆಗೆ ಎಳೆದು ತಂದಿದ್ದರು. ಅಲ್ಲಿನ ಮೆಕ್ಯಾನಿಕ್ ಎಂಜಿನ್ ಸರಿ ಮಾಡಿದರು. ಆದರೆ ಲಿವರ್ ಅನ್ನು 'ಡಿ'ಗೆ (ಡ್ರೈವ್) ಹಾಕಿದರೆ ಕಾರು ಕದಲಲಿಲ್ಲ. ನಾನು ಗೇರ್‌ಬಾಕ್ಸಿನ ಸಂಪ್ (ತಳದ ಆಯಿಲ್ ತಟ್ಟೆ) ಬಿಚ್ಚಿದಾಗ, ಕೆಂಪಗೆ ಇರಬೇಕಿದ್ದ ಆಯಿಲ್ ಕಪ್ಪಾಗಿತ್ತು ಮತ್ತು ಸುಟ್ಟ ವಾಸನೆ ಹೊಡೆಯುತ್ತಿತ್ತು. ಸಂಪ್ ತಳದ ಅಯಸ್ಕಾಂತಗಳಿಗೆ ಲೋಹದ ಪುಡಿ ಗಟ್ಟಿ ಸಗಣಿಯಂತೆ ಮೆತ್ತಿಕೊಂಡಿತ್ತು. ನೀರು ಒಂದು ಹನಿಯೂ ಒಳಗೆ ಹೋಗಿರಲಿಲ್ಲ. ಮಾಲೀಕರಿಗೆ ಬಂದ ಖರ್ಚು ಲಕ್ಷ ದಾಟಿತು. ಪ್ರವಾಹದ ಹಾನಿಗೆ ವಿಮೆ ಇದ್ದರೂ, ಯಾಂತ್ರಿಕ ವೈಫಲ್ಯವೆಂದು ಬರೆದರೆ ಸಾಮಾನ್ಯ ಪಾಲಿಸಿಯಲ್ಲಿ ಪರಿಹಾರ ಸಿಗುವುದಿಲ್ಲ. ಆ ಮನುಷ್ಯನ ತಪ್ಪಾದರೂ ಏನಿತ್ತು?

ಅಮೆರಿಕದಲ್ಲಿ ಮೋಟರ್‌ಹೋಮ್ (ಮನೆಯಂತೆ ವಾಸಿಸಬಹುದಾದ ದೊಡ್ಡ ವಾಹನ) ಇಟ್ಟುಕೊಂಡವರು ಊರೂರು ಸುತ್ತುವಾಗ ಅದರ ಹಿಂದೆ ಸಣ್ಣ ಕಾರನ್ನು ನಾಲ್ಕೂ ಚಕ್ರ ನೆಲಕ್ಕೆ ತಾಗಿಸಿ ಎಳೆದುಕೊಂಡು ಹೋಗುವುದುಂಟು. ಆದರೆ ಹೀಗೆ ಎಳೆಯಬಹುದೇ ಎಂದು ಮೊದಲು ಕಾರಿನ ಕೈಪಿಡಿ ನೋಡುತ್ತಾರೆ. ಹೋಂಡಾ ಸಿಆರ್-ವಿ ಕಾರನ್ನು 2014ರ ಮಾದರಿಯವರೆಗೆ ಹಾಗೆ ಎಳೆಯಲು ಅನುಮತಿ ಇತ್ತು. 2015ರಲ್ಲಿ ಸಿವಿಟಿ ಎಂಬ ಬೇರೆ ಬಗೆಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಂದ ಮೇಲೆ ಕಂಪನಿಯೇ ಬೇಡ ಎಂದಿತು. ಜೀಪ್ ರಾಂಗ್ಲರ್‌ನಲ್ಲಿ ಟ್ರಾನ್ಸ್‌ಫರ್ ಕೇಸನ್ನು (ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಭಾಗ) ನ್ಯೂಟ್ರಲ್‌ಗೆ ತಂದು ಗೇರ್‌ಬಾಕ್ಸನ್ನು ಚಕ್ರಗಳಿಂದ ಬೇರ್ಪಡಿಸಿಕೊಳ್ಳಬಹುದು. ಉಳಿದವರು ಕಾರನ್ನು ಟ್ರೇಲರ್ ಮೇಲೆ ಹತ್ತಿಸುತ್ತಾರೆ. ನಮ್ಮ ಡ್ಯಾಶ್‌ಬೋರ್ಡಿನ ಖಾನೆಯಲ್ಲಿರುವ ಕೈಪಿಡಿಯಲ್ಲೂ ಇಂಥ ಪುಟವೊಂದಿದೆ. ಎಷ್ಟು ವೇಗ, ಎಷ್ಟು ದೂರ ಎಂಬ ಮಿತಿಯನ್ನು ಅಲ್ಲಿ ಬರೆದಿರುತ್ತಾರೆ. ಕೆಲವು ಕಾರುಗಳಿಗೆ ಆ ಎಳೆತವೇ ನಿಷಿದ್ಧ.

ಟೋಯಿಂಗ್ ಸಿಬ್ಬಂದಿಯ ವಿಷಯಕ್ಕೆ ಬರುತ್ತೇನೆ. ನಿಲ್ಲಿಸಿದ ಕಾರನ್ನು ಹಿಂದಿನಿಂದ ಎತ್ತಿ ಒಯ್ಯುವುದು ಅವರಿಗೆ ಸುಲಭ. ಇಲ್ಲಿನ ಬಹುಪಾಲು ಕಾರುಗಳಿಗೆ ಶಕ್ತಿ ಹೋಗುವುದು ಮುಂದಿನ ಚಕ್ರಗಳಿಗೆ. ಕಾರು 'ಪಿ'ಯಲ್ಲಿ (ಪಾರ್ಕ್) ಇದ್ದರೆ ಮುಂಚಕ್ರಗಳು ಉರುಳದೆ ಡಾಂಬರಿನ ಮೇಲೆ ಉಜ್ಜಿಕೊಂಡು ಹೋಗುತ್ತವೆ, ಒಳಗಿನ ಪಾರ್ಕಿಂಗ್ ಕೊಂಡಿ ಮುರಿಯಲೂಬಹುದು. ಮುಂಭಾಗವನ್ನೇ ಎತ್ತಬೇಕು, ಆಗದಿದ್ದರೆ ಚಕ್ರದ ಕೆಳಗೆ ಡಾಲಿ, ಅಂದರೆ ಚಕ್ರಗಳುಳ್ಳ ಸಣ್ಣ ಗಾಡಿ, ಕೊಡಬೇಕು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರುಗಳಿಗೆ, ವಿದ್ಯುತ್ ಕಾರುಗಳಿಗೆ ಇಡೀ ಕಾರನ್ನು ಮೇಲೆ ಹತ್ತಿಸಿಕೊಳ್ಳುವ ಫ್ಲ್ಯಾಟ್‌ಬೆಡ್ ಲಾರಿಯೇ ಸರಿ. ಬ್ಯಾಟರಿ ಸತ್ತು ಲಿವರ್ 'ಪಿ'ಯಿಂದ ಹೊರಬರದಿದ್ದರೆ ಹಲವು ಕಾರುಗಳಲ್ಲಿ ಲಿವರ್ ಪಕ್ಕದ ಸಣ್ಣ ಮುಚ್ಚಳ ತೆಗೆದು, ಬ್ರೇಕ್ ಹಿಡಿದು, ಒಳಗಿನ ಗುಂಡಿಯನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿದರೆ ಸಾಕು. ಬಲವಂತವಾಗಿ ಲಿವರ್ ಎಳೆದು ಮುರಿದವರನ್ನು ನೋಡಿದ್ದೇನೆ.

ಟೋಯಿಂಗ್ ಗುತ್ತಿಗೆ ಕೊಡುವಾಗ ಫ್ಲ್ಯಾಟ್‌ಬೆಡ್ ಮತ್ತು ಡಾಲಿ ಇರಲೇಬೇಕೆಂಬ ಷರತ್ತು ಹಾಕಬೇಕು. ಸಿಬ್ಬಂದಿಗೆ ತರಬೇತಿ ಆಗಬೇಕು. ಎಳೆದದ್ದರಿಂದ ಗೇರ್‌ಬಾಕ್ಸ್ ಹೋದರೆ ಹೊಣೆ ಯಾರದ್ದೆಂದು ಗುತ್ತಿಗೆಯಲ್ಲೇ ಬರೆದಿಡಬೇಕು. ವಿಮೆ ಕಂಪನಿಗಳ ಸಹಾಯವಾಣಿಗಳು 'ನಿಮ್ಮದು ಆಟೊಮ್ಯಾಟಿಕ್ ಕಾರೇ?' ಎಂದು ಕೇಳಿಯೇ ಲಾರಿ ಕಳುಹಿಸಲಿ. ಕೇಳದಿದ್ದರೆ ಮಾಲೀಕರೇ ಹೇಳಲಿ: 'ಆಟೊಮ್ಯಾಟಿಕ್ ಇದೆ, ಫ್ಲ್ಯಾಟ್‌ಬೆಡ್ ಕಳುಹಿಸಿ, ಬರುವವರೆಗೆ ಕಾಯುತ್ತೇನೆ.'

— ಗೇರ್‌ಬಾಕ್ಸ್ ಮೆಕ್ಯಾನಿಕ್, ವಿಲ್ಸನ್ ಗಾರ್ಡನ್, ಬೆಂಗಳೂರು