ನಿನ್ನ ಬಾಯ್ಲರಿಗೆ ಮೊಳೆ ಹೊಡೆದದ್ದು

ಪುಟ್ಟೀ,

ನೀನು ಹಾಸ್ಟೆಲಿಗೆ ಹೊರಟ ದಿನ ಬಸ್ಸು ಬಿಡುವ ತನಕ ನನ್ನ ಕಡೆ ತಿರುಗಿ ನೋಡಲಿಲ್ಲ. ನೋಡಬೇಕಾದ ಕಾರಣವೂ ಇರಲಿಲ್ಲ ಬಿಡು. ಪುಟ್ಟ ರೈಲು ಎಂಜಿನ್ನಿಗೆ ಉಗಿ ಕೊಡುವ ಬಾಯ್ಲರ್ ಅಂತ ಎರಡು ವಾರ ಕೂತು, ಬೆರಳು ಸುಟ್ಟುಕೊಂಡು ಬೆಸುಗೆ ಹಾಕಿದ ಡಬ್ಬಿಗೆ ಅಪ್ಪ ಅನ್ನಿಸಿಕೊಂಡವನು ಒಂದು ಮಾತೂ ಆಡದೆ ಮೊಳೆ ಇಟ್ಟು ಸುತ್ತಿಗೆಯಲ್ಲಿ ಹೊಡೆದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? "ಉಗಿಯಲ್ಲಿ ಓಡದಿದ್ದ ಮೇಲೆ ಅದೆಂಥ ಎಂಜಿನ್ನು, ಬರೀ ಆಟಿಕೆ" ಅಂದೆ ನೀನು. ಅದಕ್ಕೂ ನಾನು ಬಾಯಿ ಬಿಡಲಿಲ್ಲ. ಎದುರಿಗೆ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ನನ್ನ ಬಲಗೈಯಲ್ಲಿ ಮೊಣಕೈ ಕೆಳಗೆ ಒಂದು ಕಲೆ ಇದೆಯಲ್ಲ, ನೀನು ಚಿಕ್ಕವಳಿದ್ದಾಗ ಅದರ ಮೇಲೆ ಬೆರಳಾಡಿಸುತ್ತಾ "ಇದು ಯಾವ ದೇಶದ ನಕ್ಷೆ ಅಪ್ಪಾ?" ಅಂತ ಕೇಳುತ್ತಿದ್ದೆ. ಸ್ನಾನದ ಬಿಸಿನೀರು ಚೆಲ್ಲಿಕೊಂಡದ್ದು ಅಂತ ಹೇಳಿದ್ದೆ. ಬಿಸಿನೀರು ನಿಜ, ಸ್ನಾನ ಸುಳ್ಳು. ನಿನ್ನ ವಯಸ್ಸಿನಲ್ಲಿ ನಾನೂ ಒಂದು ಬಾಯ್ಲರ್ ಮಾಡಿದ್ದೆ. ಒತ್ತುಮುಚ್ಚಳದ ತಗಡಿನ ಡಬ್ಬಿ. ಮುಚ್ಚಳದ ಸುತ್ತ ಬೆಸುಗೆ, ನೆತ್ತಿಯಲ್ಲಿ ರೀಫಿಲ್ಲಿನ ಕೊಳವೆ. ಹೆಚ್ಚುಕಡಿಮೆ ನಿನ್ನದೇ ವಿನ್ಯಾಸ. ಅರ್ಧ ಡಬ್ಬಿ ನೀರು ತುಂಬಿಸಿ ಸ್ಟವ್ ಮೇಲಿಟ್ಟು ಕಾದೆ. ನೀರು ಕುದಿಯುವ ಸದ್ದು ಕೇಳುತ್ತಿತ್ತು, ಕೊಳವೆಯಿಂದ ಮಾತ್ರ ಏನೂ ಬರುತ್ತಿರಲಿಲ್ಲ. ಅದರ ಬಾಯೊಳಗೆ ಒಂದು ಹನಿ ಬೆಸುಗೆ ಇಳಿದು ಕೂತಿತ್ತು ಅನ್ನುವುದು ಆಮೇಲೆ ತಿಳಿದದ್ದು. ಇನ್ನೇನು ಬರುತ್ತೆ, ಇನ್ನೇನು ಬರುತ್ತೆ ಅಂತ ಕಾಯುತ್ತಿದ್ದಾಗ 'ಟಕ್' ಅಂತ ಡಬ್ಬಿಯ ಮುಚ್ಚಳ ಹೊರಗೆ ಉಬ್ಬಿತು. ಬುದ್ಧಿ ಇದ್ದವನಾದರೆ ಅಲ್ಲಿಂದ ಓಡಬೇಕಿತ್ತು. ನಾನು ಬಗ್ಗಿ ನೋಡಲು ಹೋದೆ.

ಸದ್ದು ದೊಡ್ಡದೇನಲ್ಲ, ಹಳೇ ಬೆಡ್‌ಶೀಟ್ ಹರಿದ ಹಾಗೆ. ತಗಡಿನ ಎರಡು ಅಂಚು ಸೇರುವ ಡಬ್ಬಿಯ ಪಕ್ಕದ ಹೊಲಿಗೆ ಮೇಲಿಂದ ಕೆಳಗಿನ ತನಕ ಬಿಚ್ಚಿಕೊಂಡಿತು. ಸ್ಟವ್ ಆರಿಸಲು ಕೈ ಚಾಚಿದ್ದರಿಂದ ನೀರು ಕೈಗೆ ಬಿತ್ತು. ಚಾಚಿರದಿದ್ದರೆ ಮುಖಕ್ಕೆ ಬೀಳುತ್ತಿತ್ತು. ನಾನು ಮೊಳೆ ಹೊಡೆದ ರಾತ್ರಿ ನೀನು ಇಕ್ಕಳದಲ್ಲಿ ರೀಫಿಲ್ ಹಿಡಿದು ಡಬ್ಬಿಯ ನೆತ್ತಿಗೆ ಬೆಸೆಯುತ್ತಿದ್ದೆಯಲ್ಲ, ಅದನ್ನು ನೋಡಿದವನಿಗೆ ಮಾತು ಹೊರಡಲಿಲ್ಲ. ಮೊಳೆ ಹುಡುಕಿದೆ.

ಹೊಲಿಗೆಯೇ ಯಾಕೆ ಬಿಚ್ಚಿತು ಅನ್ನುವುದು ನನಗೆ ಅರ್ಥವಾದದ್ದು ಎಷ್ಟೋ ವರ್ಷ ಕಳೆದ ಮೇಲೆ. ಉರುಟು ಡಬ್ಬಿಯೊಳಗೆ ಒತ್ತಡ ಏರಿದಾಗ ತಗಡನ್ನು ಸುತ್ತಳತೆಯ ದಿಕ್ಕಿನಲ್ಲಿ ಎಳೆಯುವ ಸೆಳೆತ, ಉದ್ದದ ದಿಕ್ಕಿನ ಸೆಳೆತಕ್ಕಿಂತ ಎರಡರಷ್ಟು ಇರುತ್ತದೆ. ಅದಕ್ಕೇ ಇಂಥವು ಸೀಳಿದರೆ ಉದ್ದಕ್ಕೇ ಸೀಳುತ್ತವೆ. ಡಬ್ಬಿ ಮಾಡುವವರು ಹೊಲಿಗೆ ಹಾಕಿರುವುದೂ ಉದ್ದಕ್ಕೇ. ಪುಡಿ ತುಂಬಿಸಿಡಲು ಮಾಡಿದ್ದು ತಾನೇ, ಅವರನ್ನು ದೂರುವಂತಿಲ್ಲ. ಇನ್ನು ಚಪ್ಪಟೆ ಮುಚ್ಚಳ, ಚಪ್ಪಟೆ ತಳ: ಒತ್ತಡ ತಡೆಯಲು ಇವಕ್ಕಿಂತ ಕೆಟ್ಟ ಆಕಾರ ಇಲ್ಲ.

ಉಗಿಯ ಲೆಕ್ಕವನ್ನೂ ನೋಡು. ಒಂದು ಲೀಟರ್ ನೀರು ಪೂರ್ತಿ ಆವಿಯಾದರೆ, ತೆರೆದ ಗಾಳಿಯಲ್ಲಿ ಸುಮಾರು 1,600 ಲೀಟರಿನಷ್ಟು ಜಾಗ ಕೇಳುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಜಾಗ ಸಿಗುವುದಿಲ್ಲ, ಒತ್ತಡ ಏರುತ್ತದೆ. ಒತ್ತಡ ಏರಿದ ಹಾಗೆ ನೀರು ಕುದಿಯುವ ಬಿಸಿಯೂ ಏರುತ್ತದೆ. ಹೊರಗಿನ ಗಾಳಿಯ ಒತ್ತಡಕ್ಕಿಂತ ಒಂದು ಬಾರ್, ಅಂದರೆ ಹೆಚ್ಚುಕಡಿಮೆ ಅದರಷ್ಟೇ, ಹೆಚ್ಚಾದರೆ ಸಾಕು, ನೀರು 120 ಡಿಗ್ರಿಗೆ ಹೋಗಿರುತ್ತದೆ. ಅಂಥ ನೀರಿರುವ ಡಬ್ಬಿ ಬಾಯಿ ಬಿಟ್ಟರೆ ಒಳಗಿದ್ದ ಉಗಿ ಹೊರಬಂದಲ್ಲಿಗೆ ಮುಗಿಯುವುದಿಲ್ಲ, ಆ ನೀರಿನ ಒಂದು ಪಾಲು ಆ ಕ್ಷಣದಲ್ಲೇ ಹೊಸದಾಗಿ ಉಗಿಯಾಗುತ್ತದೆ. ಜೊತೆಗೆ ನೀನು ಹಾಕಿದ್ದು ಸೀಸ-ತವರದ ಬೆಸುಗೆ. ಅದು 183 ಡಿಗ್ರಿಗೇ ಕರಗಲು ಶುರು. ನೀರಿರುವ ತನಕ ತಗಡು ಹೆಚ್ಚುಕಡಿಮೆ ನೀರಿನ ಬಿಸಿಯಲ್ಲೇ ಇರುತ್ತದೆ, ಸರಿ. ನೀರು ಬತ್ತಿದ ಕಡೆ ಉರಿ ತಾಗಿದರೆ ಬೆಸುಗೆ ಮೇಣದ ಹಾಗೆ.

ಇದು ನಿನಗೂ ನನಗೂ ಮಾತ್ರ ಬಂದ ಪೇಚು ಅಂದುಕೊಳ್ಳಬೇಡ. ಹಳಿಯ ಮೇಲೆ ಮೊದಲು ಉಗಿಬಂಡಿ ಓಡಿಸಿದ ರಿಚರ್ಡ್ ಟ್ರೆವಿಥಿಕ್ ಕಥೆ ಕೇಳು. 1803ರಲ್ಲಿ ಗ್ರೀನ್‌ವಿಚ್‌ನಲ್ಲಿ ಅವನ ನೀರೆತ್ತುವ ಎಂಜಿನ್ನೊಂದರ ಬಾಯ್ಲರ್ ಸಿಡಿದು ನಾಲ್ಕು ಜನ ಸತ್ತರು. ಆಮೇಲಿಂದ ಅವನು ಒತ್ತಡ ಮೀರಿದರೆ ತಾನೇ ತೆರೆದು ಉಗಿ ಬಿಡುವ ಸೇಫ್ಟಿ ವಾಲ್ವನ್ನು ಒಂದರ ಬದಲು ಎರಡು ಇಡತೊಡಗಿದ, ಸೀಸದ ಬಿರಡೆಯನ್ನೂ ಕೂರಿಸಿದ. ನೀರು ಕಡಿಮೆಯಾದರೆ ಬಿರಡೆ ತಾನೇ ಕರಗಿ ಉಗಿಗೆ ದಾರಿ ಬಿಡುತ್ತದೆ. ಮರುವರ್ಷ, 1804ರ ಫೆಬ್ರವರಿ 21ರಂದು, ವೇಲ್ಸ್‌ನ ಪೆನಿಡಾರೆನ್‌ನಲ್ಲಿ ಅವನ ಎಂಜಿನ್ 10 ಟನ್ ಕಬ್ಬಿಣವನ್ನೂ 70 ಜನರನ್ನೂ ಎಳೆದುಕೊಂಡು ಹೋಯಿತು. ಎಂಜಿನ್ನಿನ ಭಾರ ತಾಳದೆ ಎರಕದ ಹಳಿಗಳು ಮುರಿದದ್ದು ಬೇರೆ ಮಾತು.

ಇನ್ನು ನಿನ್ನ 'ಆಟಿಕೆ'ಗೆ ಉತ್ತರ. ಟ್ರೆವಿಥಿಕ್‌ನ ಆ ಓಟಕ್ಕೂ 20 ವರ್ಷ ಮುಂಚೆ, 1784ರಲ್ಲಿ, ವಿಲಿಯಂ ಮರ್ಡಾಕ್ ಎಂಬ ಎಂಜಿನಿಯರ್ ಮೇಜಿನ ಮೇಲಿಡುವಷ್ಟು ಪುಟ್ಟ ಮೂರು ಗಾಲಿಯ ಉಗಿ ಗಾಡಿ ಮಾಡಿದ್ದ, ಸ್ಪಿರಿಟ್ ದೀಪದಿಂದ ಓಡುವಂಥದ್ದು. ನಾವು ಮಾದರಿ ಅನ್ನುವುದು ನಿಜವಾದ ರೈಲು ಎಂಜಿನ್ನಿಗಿಂತ ಮೊದಲೇ ಓಡಿತ್ತು ಕಣೇ.

ಸರಿ, ನೀನು ಹೋದ ಮೇಲೆ ನಾನು ಏನು ಮಾಡಿದೆ ಅಂತ ಹೇಳುತ್ತೇನೆ. ಬಾಯ್ಲರ್ ಮುಟ್ಟಲಿಲ್ಲ, ಉಗಿಯ ಬದಲು ಪಂಪು ಹೊಡೆದ ಗಾಳಿಯಲ್ಲಿ ಓಡಿಸೋಣ ಅಂದುಕೊಂಡೆ. ಗಾಲಿಯಿಂದ ಶುರು ಮಾಡಿದೆ. ನಾವಿಬ್ಬರೂ ಮಾಡಿದ ತಪ್ಪು ಅದೇ, ಬಾಯ್ಲರಿನಿಂದ ಶುರು ಮಾಡಿದ್ದು. ಜಾಮ್ ಬಾಟಲಿಯ ಮುಚ್ಚಳಕ್ಕೆ ಅದಕ್ಕಿಂತ ಚಿಕ್ಕದೊಂದು ಮುಚ್ಚಳ ಅಂಟಿಸಿದರೆ ಚಿಕ್ಕದು ಹಳಿಯ ಮೇಲೆ ಉರುಳುತ್ತದೆ, ದೊಡ್ಡದರ ಅಂಚು ಹಳಿಯಿಂದ ಜಾರದಂತೆ ತಡೆಯುತ್ತದೆ. ಅಂಥವು ನಾಲ್ಕು. ಅಚ್ಚಿಗೆ ಸೈಕಲ್ಲಿನ ಕಡ್ಡಿ, ಅಚ್ಚು ತಿರುಗಲು ಹಿತ್ತಾಳೆ ರೀಫಿಲ್ಲಿನ ತುಂಡು. ಗಾಲಿ ತೀರಾ ಹಗುರವಾಯಿತು ಅಂತ ಮುಚ್ಚಳಗಳ ಒಳಗೆ ಹಳೇ ವಾಷರುಗಳನ್ನು ಎಪಾಕ್ಸಿ ಅಂಟಿನಲ್ಲಿ ಹೂತಿಟ್ಟೆ. ಈ ಭಾರದ ಕಥೆ ಮುಂದೆ ಬರುತ್ತದೆ.

ಗಾಲಿಗಳನ್ನು ಜೋಡಿಸುವ ರಾಡು ಹಾಕಿದೆ ನೋಡು, ಅಲ್ಲಿ ಮೂರು ದಿನ ಹೋಯಿತು. ರಾಡುಗಳೂ ಸೈಕಲ್ ಕಡ್ಡಿಯವೇ, ತುದಿ ಬಡಿದು ಚಪ್ಪಟೆ ಮಾಡಿ ತೂತು ಕೊರೆದದ್ದು. ರಾಡು ಸಿಕ್ಕಿಸಲು ಗಾಲಿಗೆ ಹಾಕಿದ ಪಿನ್ನುಗಳನ್ನು ಎರಡೂ ಪಕ್ಕ ಒಂದೇ ನೇರಕ್ಕೆ ಇಟ್ಟಿದ್ದೆ, ನೋಡಲು ಚೆಂದ ಅಂತ. ಕೈಯಲ್ಲಿ ತಳ್ಳಿದರೆ ಅರ್ಧ ಸುತ್ತು ಹೋಗಿ ಕಚ್ಚಿಕೊಳ್ಳುತ್ತಿತ್ತು. ಇನ್ನೂ ತಮಾಷೆಯೆಂದರೆ ಒಮ್ಮೊಮ್ಮೆ ಮುಂದಿನ ಗಾಲಿ ಮುಂದಕ್ಕೂ ಹಿಂದಿನದು ಹಿಂದಕ್ಕೂ ಹೊರಡುತ್ತಿತ್ತು. ಪಿನ್ನು, ಅಚ್ಚು, ರಾಡು ಒಂದೇ ಗೆರೆಗೆ ಬಂದಾಗ ರಾಡಿಗೆ ಯಾವ ಕಡೆ ಹೋಗಬೇಕೆಂದು ಗೊತ್ತಿರುವುದಿಲ್ಲ. ಎರಡೂ ಪಕ್ಕ ಒಟ್ಟಿಗೇ ಆ ಗೆರೆಗೆ ಬಂದರೆ ಹೇಳುವವರು ಯಾರು? ಅದಕ್ಕೇ ನಿಜವಾದ ಎಂಜಿನ್ನಿನಲ್ಲಿ ಬಲಗಡೆಯ ಪಿನ್ನು ಎಡಗಡೆಯದಕ್ಕಿಂತ ಕಾಲು ಸುತ್ತು, ಅಂದರೆ 90 ಡಿಗ್ರಿ, ಮುಂದೋ ಹಿಂದೋ ಇರುತ್ತದೆ. ಒಂದು ಕಡೆ ಗೊಂದಲದಲ್ಲಿದ್ದಾಗ ಇನ್ನೊಂದು ಕಡೆ ಗಟ್ಟಿಯಾಗಿ ಎಳೆಯುತ್ತಿರುತ್ತದೆ. ಬೆಂಕಿಪೊಟ್ಟಣದ ಮೂಲೆಯನ್ನೇ ಮೂಲೆಮಟ್ಟವಾಗಿ ಹಿಡಿದು 90 ಡಿಗ್ರಿ ಗುರುತು ಹಾಕಿಕೊಂಡೆ.

ಅಷ್ಟಾದರೂ ತುಸು ಬಿಗಿ ಹಿಡಿಯುತ್ತಿತ್ತು. ರಾಡಿನ ತೂತುಗಳ ಅಂತರ, ಅಚ್ಚುಗಳ ಅಂತರಕ್ಕಿಂತ ಕೂದಲೆಳೆಯಷ್ಟು ಹೆಚ್ಚಾಗಿತ್ತು. ಎಡ ಬಲ ರಾಡುಗಳನ್ನು ಒಂದರ ಮೇಲೊಂದಿಟ್ಟು, ಚೌಕಟ್ಟಿನ ತೂತನ್ನೇ ಅಳತೆಯಾಗಿ ಇಟ್ಟುಕೊಂಡು ಒಟ್ಟಿಗೇ ಕೊರೆದೆ. ಈಗ ಊದಿದರೆ ಉರುಳುತ್ತದೆ. ಅಳತೆಪಟ್ಟಿಯನ್ನು ನಂಬಬೇಡ ಕಣಮ್ಮ, ಒಂದನ್ನು ನೋಡಿ ಇನ್ನೊಂದನ್ನು ಕೊರೆ.

ಸಿಲಿಂಡರಿಗೆ ಏನು ಹಾಕಿದೆ ಗೊತ್ತೇ? ಕೆಟ್ಟ ರೇಡಿಯೊದ ಏರಿಯಲ್. ಒಂದರೊಳಗೊಂದು ಸರಿಯುವ ಹಿತ್ತಾಳೆ ಕೊಳವೆಗಳು. ದಪ್ಪನೆಯದು ಸಿಲಿಂಡರ್, ಅದರ ಒಳಗಿನದು ಪಿಸ್ಟನ್. ಮೇಲಿನ ಕ್ರೋಮ್ ಉಜ್ಜಿ ತೆಗೆಯದೆ ಬೆಸುಗೆ ಹಾಕಲು ಹೋದೆ, ಪಾದರಸದ ಹಾಗೆ ಉರುಳಿ ಕೆಳಗೆ ಬಿತ್ತು. ಹಿತ್ತಾಳೆಯ ಹಳದಿ ಕಾಣುವ ತನಕ ಉಜ್ಜಿದ ಮೇಲೆ ಹಿಡಿಯಿತು. ಒಳಗಿನ ಕೊಳವೆ ಸಡಿಲ ಇತ್ತು, ಅದಕ್ಕೆ ಬೆಸುಗೆಯನ್ನೇ ದಪ್ಪಗೆ ಬಳಿದು, ಅರದಲ್ಲಿ ತುಸು ತುಸು ಉಜ್ಜಿ, ಹಾಕಿ ನೋಡಿ, ಮತ್ತೆ ಉಜ್ಜಿ, ಕೊನೆಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟಾಗ ತನ್ನ ಭಾರಕ್ಕೆ ಮೆಲ್ಲನೆ ಇಳಿಯುವ ಹಾಗೆ ಮಾಡಿದೆ. ಈ ಕೆಲಸ ನಿನಗೆ ಇಷ್ಟವಾಗುತ್ತಿತ್ತು.

ವಾಲ್ವಿನ ಗೋಜೇ ಇಲ್ಲ. ಸಿಲಿಂಡರೇ ಒಂದು ಪಿನ್ನಿನ ಮೇಲೆ ತೊಟ್ಟಿಲ ಹಾಗೆ ಆಡುತ್ತದೆ. ಅದರ ಬೆನ್ನಲ್ಲಿ ಒಂದು ತೂತು, ಹಿಂದಿನ ತಟ್ಟೆಯಲ್ಲಿ ಮೇಲೊಂದು ಕೆಳಗೊಂದು ತೂತು. ಗಾಲಿ ತಿರುಗಿದ ಹಾಗೆ ಸಿಲಿಂಡರ್ ಮೇಲಕ್ಕೆ ವಾಲಿದಾಗ ಗಾಳಿ ಒಳಗೆ, ಕೆಳಕ್ಕೆ ವಾಲಿದಾಗ ಹೊರಗೆ. ತಟ್ಟೆ, ಹಳೇ ಕಿಟಕಿಯ ಹಿತ್ತಾಳೆ ಬಿಜಾಗರಿಯದು. ಪಿಸ್ಟನ್ನಿನ ತುದಿ ಸೇರುವ ಗಾಲಿಯ ಪಿನ್ನು, ಗಾಲಿಯ ನಡುವಿನಿಂದ 8 ಮಿಲಿಮೀಟರ್ ದೂರದಲ್ಲಿದೆ, ಆದ್ದರಿಂದ ಪಿಸ್ಟನ್ 16 ಮಿಲಿಮೀಟರ್ ಓಡುತ್ತದೆ. ಬೆನ್ನಿನ ತೂತು ಮಾತ್ರ ಅತ್ತಿತ್ತ ಒಂದೂವರೆ ಮಿಲಿಮೀಟರಿಗಿಂತ ಚೂರು ಹೆಚ್ಚು ಆಡುತ್ತದೆ ಅಷ್ಟೆ. ನಾನು 2 ಮಿಲಿಮೀಟರಿನ ತೂತು ಕೊರೆದಿದ್ದೆ. ನಡುವೆ ಬಂದಾಗ ಎರಡು ತೂತಿಗೂ ಒಟ್ಟಿಗೇ ಬಾಯಿ ಕೊಟ್ಟು, ಬಂದ ಗಾಳಿ ಹಾಗೇ ಹೊರಟುಹೋಗುತ್ತಿತ್ತು. ಬೆಸುಗೆಯಿಂದ ಮುಚ್ಚಿ ಒಂದೂವರೆಗೆ ಕೊರೆದೆ. ಎರಡು ಮುಖಗಳನ್ನೂ ಗಾಜಿನ ಮೇಲೆ ಸ್ಯಾಂಡ್‌ಪೇಪರ್ ಹಾಸಿ ಉಜ್ಜಿ, ಕೊನೆಗೆ ಟೂತ್‌ಪೇಸ್ಟಿನಲ್ಲಿ ತೀಡಿ, ಪೆನ್ನಿನ ಸ್ಪ್ರಿಂಗಿನಿಂದ ಒತ್ತಿ ಕೂರಿಸಿದೆ.

ಹೀಗೆ ಮಾಡಿದ ಸಿಲಿಂಡರ್ ಒಂದೇ ಕಡೆಗೆ ತಳ್ಳುತ್ತದೆ, ಅರ್ಧ ಸುತ್ತು ಮಾತ್ರ. ಎರಡೂ ಪಕ್ಕ ಸೇರಿ, ಕಾಲು ಸುತ್ತಿನ ಅಂತರದಲ್ಲಿ, ಮುಕ್ಕಾಲು ಸುತ್ತಿಗೆ ಬಲ ಸಿಗುತ್ತದೆ. ಉಳಿದ ಕಾಲು ಸುತ್ತನ್ನು ದಾಟಿಸುವುದು ಆ ವಾಷರುಗಳ ಭಾರ. ನಿಜವಾದ ಎಂಜಿನ್ನಿನಲ್ಲಿ ಪಿಸ್ಟನ್ನಿನ ಎರಡೂ ಕಡೆಗೆ ಉಗಿ ಸರದಿಯಂತೆ ಬರುವುದರಿಂದ ಎಲ್ಲಿ ನಿಂತರೂ ಯಾವುದಾದರೂ ಒಂದು ಸಿಲಿಂಡರ್ ತಳ್ಳಲು ಸಿದ್ಧವಿರುತ್ತದೆ. ನಮ್ಮದು ಕೆಲವೊಮ್ಮೆ ನಿಂತಲ್ಲೇ ನಿಂತು ಮುಖ ನೋಡುತ್ತದೆ. ಬೆರಳಲ್ಲಿ ತಟ್ಟಬೇಕು.

ಕಳೆದ ಭಾನುವಾರ ಹಳೇ ಸೈಕಲ್ ಟ್ಯೂಬಿಗೆ ಗಾಳಿ ತುಂಬಿಸಿ, ಅದರ ಬಾಯಿಗೆ ಸಣ್ಣ ರಬ್ಬರ್ ಕೊಳವೆ ಸಿಕ್ಕಿಸಿ, ಎಂಜಿನ್ನನ್ನು ಮೇಜಿನ ಮೇಲೆ ತಲೆಕೆಳಗಾಗಿ ಹಿಡಿದೆ. ಮೊದಲು 'ಪುಸ್' ಅಂತ ಸೋರಿತು. ಎಣ್ಣೆ ಬಿಟ್ಟು ಗಾಲಿ ತಟ್ಟಿದೆ. ಚುಕ್, ಚುಕ್ ಅಂತ ಎರಡು ಸಲ. ಮೂರನೆಯದಕ್ಕೆ ನಾಲ್ಕು ಗಾಲಿಯೂ ಓಡಿದವು ಪುಟ್ಟೀ, ಎಣ್ಣೆಯ ಹನಿ ಎಲ್ಲ ನನ್ನ ಕನ್ನಡಕದ ಮೇಲೆ. ನಿನ್ನಮ್ಮ ಒಳಗಿಂದ "ಏನದು ಸದ್ದು?" ಅಂದಳು. ಹೊಸ ಎಂಜಿನ್ನನ್ನು ಮೊದಲು ಗಾಳಿಯಲ್ಲೇ ಓಡಿಸಿ ನೋಡುವುದು ದೊಡ್ಡ ದೊಡ್ಡ ಮಾದರಿ ಕಟ್ಟುವವರ ಪದ್ಧತಿಯೂ ಹೌದು.

ಮೇಲಿನ ಅಲಂಕಾರ ನಿನ್ನ ಕೆಲಸ. ಟೂತ್‌ಪೇಸ್ಟಿನ ಮುಚ್ಚಳ ಚಿಮಣಿ ಆಗುತ್ತದೋ ದೀಪವೋ ನೀನೇ ನೋಡು. ರಿವೆಟ್ ಬೇಕಾದರೆ ತೆಳು ಅಲ್ಯೂಮಿನಿಯಂ ತಗಡನ್ನು ಬೋರಲು ಹಾಕಿ, ಶಾಯಿ ಮುಗಿದ ಪೆನ್ನಿನಲ್ಲಿ ಒತ್ತಿದರೆ ಮುಂದೆ ಸಾಲಾಗಿ ಏಳುತ್ತವೆ. ಅದನ್ನು ಅಂಟಿಸು, ಬೆಸೆಯಲು ಹೋಗಬೇಡ, ಅಲ್ಯೂಮಿನಿಯಂ ಈ ಬೆಸುಗೆಗೆ ಬಗ್ಗುವುದಿಲ್ಲ.

ಉಗಿ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಮಾಡಿದರೆ ತಾಮ್ರದ ಗಟ್ಟಿ ಕೊಳವೆಯಲ್ಲಿ, 600 ಡಿಗ್ರಿಗೂ ಮೇಲೆ ಕರಗುವ ಬೆಳ್ಳಿ ಬೆಸುಗೆಯಲ್ಲಿ, ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡೋಣ. ಸೇಫ್ಟಿ ವಾಲ್ವ್ ಇರಬೇಕು. ಉರಿ ಹಚ್ಚುವ ಮೊದಲು ಗಾಳಿ ಒಂದು ಗುಳ್ಳೆಯೂ ಉಳಿಯದಂತೆ ತಣ್ಣೀರು ತುಂಬಿಸಿ, ಕೆಲಸದ ಒತ್ತಡದ ಎರಡರಷ್ಟಕ್ಕೆ ಪಂಪು ಹೊಡೆದು ನೋಡಬೇಕು. ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಎಲ್ಲಾದರೂ ಬಿಟ್ಟುಕೊಂಡರೂ ಸಿಡಿಯದೆ ಸೋರಿ ಸುಮ್ಮನಾಗುತ್ತದೆ. ಇದಕ್ಕೆಲ್ಲ ವರ್ಷ ಹಿಡಿದರೆ ಹಿಡಿಯಲಿ.

ನಿನ್ನ ಡಬ್ಬಿಯನ್ನು ಎಸೆದಿಲ್ಲ. ಚೌಕಟ್ಟಿನ ಮೇಲೆ ಇಟ್ಟು ನೋಡಿದೆ, ಅಳತೆ ಸರಿಯಾಗಿ ಕೂರುತ್ತದೆ. ಮೊಳೆಯ ತೂತು ನೆತ್ತಿಯಲ್ಲೇ ಇದೆ. ಅದರ ಮೇಲೆ ಡೋಮ್, ಅಂದರೆ ಬಾಯ್ಲರಿನ ಬೆನ್ನ ಮೇಲಿನ ಗುಮ್ಮಟ, ಕೂರಿಸಿ ಮುಚ್ಚಬಹುದು, ಇಲ್ಲವೇ ಗಾಳಿಯ ಕೊಳವೆಯನ್ನು ಅಲ್ಲಿಂದಲೇ ಒಳಗೆ ಇಳಿಸಿ ಸಿಲಿಂಡರಿಗೆ ಒಯ್ಯಬಹುದು. ಡಬ್ಬಿ ನಿನ್ನದು, ನಾನು ಕೈ ಹಾಕಿಲ್ಲ.

ಬಲಗಡೆಯ ಸಿಲಿಂಡರ್ ಇನ್ನೂ ಚೂರು ಸೋರುತ್ತಿದೆ. ರಜೆಗೆ ಬರುವಾಗ ನಿನ್ನ ಗೆಳತಿಯರ ಖಾಲಿ ರೀಫಿಲ್ಲುಗಳನ್ನೆಲ್ಲ ಕೂಡಿಟ್ಟು ತಾ. ಹಿತ್ತಾಳೆಯವು ಮಾತ್ರ, ಪ್ಲಾಸ್ಟಿಕ್ಕಿನವು ಬೇಡ.

ನಿನ್ನ
ಅಪ್ಪ