ಕರೆಂಟ್ ತೆಗೆಯುವ ಹೊತ್ತು ಮೊದಲೇ ತಿಳಿಸಿ

ಮಾನ್ಯ ಸಂಪಾದಕರೇ,

ಕುಂದಾ ತಿಂದು ಬೆಳೆದ ನನ್ನ ಮೊಮ್ಮಗಳಿಗೆ ಈಗ ಮೆರಿಂಗ್ ಎಂಬ ಮೊಟ್ಟೆ ನೊರೆಯ ಗರಿಗರಿ ಸಿಹಿ ಬೇಕಂತೆ! ಮೂರು ಮೊಟ್ಟೆಯ ಬಿಳಿಭಾಗ, 150 ಗ್ರಾಂ ಸಕ್ಕರೆ ಪುಡಿ, ಒಂದೆರಡು ಹನಿ ಲಿಂಬೆರಸ. ಬಿಳಿಭಾಗಕ್ಕೆ ಹಳದಿ ಸೇರಿದರೆ ನೊರೆ ಸರಿಯಾಗಿ ಏಳುವುದಿಲ್ಲ. ಆಮೇಲೆ ಓವನ್‌ನಲ್ಲಿ 100 ಡಿಗ್ರಿಗೆ ಒಂದೂವರೆ ತಾಸು. ಬೇಯಿಸುವುದಕ್ಕಿಂತ ಒಣಗಿಸುವುದೇ ಜಾಸ್ತಿ, ನಮ್ಮ ಸಂಡಿಗೆ ಹಾಗೆ ಅಲ್ವಾ?

ಅರ್ಧ ತಾಸಿಗೇ ಕರೆಂಟ್ ಹೋಯಿತು. ಹೊರಗೆ ಬೆಳಗಾವಿಯ ಜುಲೈ ಮಳೆ. ಕರೆಂಟ್ ಮತ್ತೆ ಬರುವಷ್ಟರಲ್ಲಿ ಸಕ್ಕರೆ ತೇವ ಎಳೆದುಕೊಂಡು ಎಲ್ಲ ಅಂಟಂಟು. ಹುಡುಗಿ ಮುಖ ನೋಡಲಾಗಲಿಲ್ಲ.

ಗಾಳಿ ಮಳೆಗೆ ಹೋದರೆ ಸುಮ್ನೆ ಕೂರುತ್ತೇವೆ. ಅದು ರಿಪೇರಿಗೆಂದು ತೆಗೆದದ್ದು ಅಂತ ಸಂಜೆ ಗೊತ್ತಾಯಿತು. ಅಂಥ ದಿನ ಯಾವ ಬಡಾವಣೆ, ಎಷ್ಟು ಹೊತ್ತು ಎಂಬುದು ಹಿಂದಿನ ದಿನವೇ ಪತ್ರಿಕೆಯಲ್ಲಿ ಬರುವಂತೆ ಮಾಡಿ.

— ಒಬ್ಬ ಅಜ್ಜಿ, ಟಿಳಕವಾಡಿ, ಬೆಳಗಾವಿ